ವಾರ್ಡಿಗೆ ಯಾವ ಚಾಕು ಒಯ್ಯಬೇಕು?

ಮಂಚದ ಮೇಲೆ ಮಲಗಿರುವ ರೋಗಿಯ ಕಣ್ಣು ಎಷ್ಟು ಎತ್ತರದಲ್ಲಿರುತ್ತದೆ? ಆರು ವರ್ಷ ಆಸ್ಪತ್ರೆಯಲ್ಲಿ ಓಡಾಡಿದರೂ ನಾನು ಇದನ್ನು ಯೋಚಿಸಿರಲಿಲ್ಲ. ಹೆಚ್ಚುಕಮ್ಮಿ ನನ್ನ ಪ್ಯಾಂಟಿನ ಜೇಬಿನ ಎತ್ತರಕ್ಕೇ ಇರುತ್ತದೆ. ನಾನು ಜೇಬಿನಿಂದ ಏನು ತೆಗೆದರೂ ಅದು ಮೊದಲು ಅವರ ಮುಖದ ಮುಂದೆ ಬರುತ್ತದೆ. ನಿಂತವರಾದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಕೈಗೆ ಡ್ರಿಪ್ ಹಾಕಿಸಿಕೊಂಡು ಮಲಗಿದವರು ಎಲ್ಲಿಗೆ ಸರಿಯಬೇಕು?

ಬೆಂಗಳೂರಿನ ಒಂದು ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗದಲ್ಲಿ ನನ್ನ ಕೆಲಸ. ಇಸಿಜಿ ಮೆಷಿನ್, ಮಾನಿಟರ್, ಇನ್ಫ್ಯೂಷನ್ ಪಂಪ್, ಸಕ್ಷನ್ ಮೆಷಿನ್, ಏನು ಕೆಟ್ಟರೂ ನಮಗೇ ಫೋನ್ ಬರುತ್ತದೆ. ದಿನಕ್ಕೆ ಹತ್ತು ಸಲವಾದರೂ ಏನನ್ನಾದರೂ ಕತ್ತರಿಸಬೇಕಾಗುತ್ತದೆ. ಬಾಕ್ಸಿನ ಟೇಪು, ಕೇಬಲ್ ಟೈ, ಪ್ಲಾಸ್ಟಿಕ್ ಕವರು, ಒಣಗಿ ಅಂಟಿಕೊಂಡ ಹಳೇ ಸ್ಟಿಕ್ಕರ್. ಹಾಗಾಗಿ ಜೇಬಿನಲ್ಲಿ ಒಂದು ಚಾಕು ಇದ್ದೇ ಇರುತ್ತದೆ.

ನಾನು ತೀರ್ಥಹಳ್ಳಿ ಕಡೆಯವನು. ಅಪ್ಪ ತೋಟಕ್ಕೆ ಹೊರಟರೆ ಸೊಂಟಕ್ಕೆ ಕತ್ತಿ ಸಿಗಿಸಿಕೊಳ್ಳುತ್ತಿದ್ದರು. ಅದೇ ಕತ್ತಿ ಜತೆಗೇ ಪಕ್ಕದ ಮನೆಗೂ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಹೆಂಗಸರು ರಾತ್ರಿಯಿಡೀ ಮೆಟ್ಟುಗತ್ತಿಯ ಮುಂದೆ ಕೂತು ಮಾತಾಡುತ್ತಿದ್ದರು. ಅಜ್ಜಿಯ ಎಲೆ ಅಡಿಕೆ ಸಂಚಿಯಲ್ಲಿ ಅಡಕತ್ತರಿ ಇರುತ್ತಿತ್ತು. ಹರಿತವಾದದ್ದನ್ನು ಕಂಡು ಜನ ಹೆದರುತ್ತಾರೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ನನ್ನ ತಪ್ಪಿನ ಬೇರು ಅಲ್ಲೇ ಇತ್ತು ಅನಿಸುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಸ್.ಪಿ. ರಸ್ತೆಯಲ್ಲಿ ಒಂದು ಮಡಚುವ ಚಾಕು ಕೊಂಡಿದ್ದೆ. ಕಪ್ಪು ಹಿಡಿ, ಕಪ್ಪು ಅಲಗು. ಅಲಗಿನ ಅರ್ಧಕ್ಕೆ ಗರಗಸದ ಹಲ್ಲು. ಜೇಬಿಗೆ ಸಿಗಿಸಲು ಕ್ಲಿಪ್ಪು. ಅಲಗಿನ ಬುಡದಲ್ಲಿ ಒಂದು ಗುಬುಟು, ಹೆಬ್ಬೆರಳಿನಲ್ಲಿ ಒತ್ತಿದರೆ ಟಕ್ ಎಂದು ತೆರೆದು ಲಾಕ್ ಆಗುತ್ತಿತ್ತು. ಇನ್ನೊಂದು ಕೈಯಲ್ಲಿ ಕೇಬಲ್ ಹಿಡಿದಿರುವಾಗ ಅದು ನಿಜಕ್ಕೂ ಅನುಕೂಲ. ಕೆಲಸದ ಸಾಮಾನಾಗಿ ಅದರಲ್ಲಿ ದೋಷವೇನೂ ಇರಲಿಲ್ಲ.

2023ರ ಜೂನ್ ತಿಂಗಳು, ರಾತ್ರಿ ಪಾಳಿ. ಕ್ಯಾಶುಯಾಲ್ಟಿಯಲ್ಲಿ ಒಂದು ಮಾನಿಟರ್ ಕೈಕೊಟ್ಟಿತ್ತು. ಹೊಸದನ್ನು ಬಾಕ್ಸ್ ಸಮೇತ ಹೊತ್ತುಕೊಂಡು ಹೋದೆ. ಎರಡು ಮಂಚದ ನಡುವೆ ಇಟ್ಟೆ. ಚಾಕು ತೆಗೆದೆ. ಟಕ್.

ಔಷಧಿ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದ ಸಿಸ್ಟರ್ ಗಕ್ಕನೆ ಹಿಂದೆ ಸರಿದರು. ಟ್ರಾಲಿ ಗೋಡೆಗೆ ಬಡಿಯಿತು. ಪಕ್ಕದ ಮಂಚದಲ್ಲಿದ್ದ ಅಜ್ಜನ ಮಗಳು ಅಪ್ಪನ ಎದೆಗೆ ಅಡ್ಡವಾಗಿ ಕೈ ಚಾಚಿದಳು. ಆ ಕೈ ಇವತ್ತಿಗೂ ನನ್ನ ಕಣ್ಣಮುಂದೆ ಇದೆ. ಅವಳು ಯೋಚನೆ ಮಾಡಿ ಚಾಚಿದ್ದಲ್ಲ, ಕೈ ತಾನಾಗಿ ಹೋಗಿತ್ತು. ಆಮೇಲೆ ಅವಳು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು, "ಒಬ್ಬರು ಇಲ್ಲೇ ಚೂರಿ ತೆಗೆದ್ರು, ಜೀವ ಹೋದಂಗಾಯ್ತು." ನನಗೆ ಅದು ಚಾಕು. ಅವಳಿಗೆ ಚೂರಿ. ನಮ್ಮ ಕಡೆ ಈ ಎರಡು ಮಾತಿಗೂ ಬಹಳ ದೂರ. ಚಾಕು ತರಕಾರಿಗೆ, ಚೂರಿ ಹೊಟ್ಟೆಗೆ.

ಸಿಸ್ಟರ್ "ಸರ್, ಅದು ಒಳಗೆ ಇಡಿ" ಎಂದಷ್ಟೇ ಹೇಳಿದರು. ಅವರ ಊರು ಕೇರಳದ ಕೊಲ್ಲಂ ಜಿಲ್ಲೆ. ಅದಕ್ಕೆ ಒಂದು ತಿಂಗಳ ಹಿಂದೆ, ಮೇ 10ರಂದು, ಅದೇ ಜಿಲ್ಲೆಯ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಯುವ ವೈದ್ಯೆಯ ಕೊಲೆಯಾಗಿತ್ತು. ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಲು ಪೊಲೀಸರು ಕರೆತಂದಿದ್ದ ವ್ಯಕ್ತಿಯೇ ಅಲ್ಲಿದ್ದ ಕತ್ತರಿಯಿಂದ ಇರಿದಿದ್ದ. ಆ ಸುದ್ದಿ ಓದಿ ನಾನೂ ಮರುಗಿದ್ದೆ. ಆದರೆ ಅದಕ್ಕೂ ನನ್ನ ಜೇಬಿಗೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ. ನಮ್ಮ ಕ್ಯಾಶುಯಾಲ್ಟಿ ಗೋಡೆಯ ಮೇಲೆ ಒಂದು ಬೋರ್ಡ್ ಇದೆ. ಆಸ್ಪತ್ರೆ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ 2009ರ ಕರ್ನಾಟಕ ಕಾಯ್ದೆಯ ಪ್ರಕಾರ ಜೈಲು ಎಂದು ಬರೆದಿದೆ. ಅಂಥ ಬೋರ್ಡ್ ಹಾಕಬೇಕಾದ ಜಾಗದಲ್ಲಿ, ಅದರ ಕೆಳಗೇ ನಿಂತು ನಾನು ಕಪ್ಪು ಅಲಗು ಬಿಚ್ಚಿದ್ದೆ.

ಮರುದಿನ ಮೇಟ್ರನ್ ಮೇಡಂ ಕರೆಸಿದರು. ಬೈಯಲಿಲ್ಲ. "ನೀವು ಎಂಥವರು ಅಂತ ನಮಗೆ ಗೊತ್ತು. ನಿನ್ನೆ ಅಡ್ಮಿಟ್ ಆದವರಿಗೆ ಹೇಗಪ್ಪಾ ಗೊತ್ತಾಗಬೇಕು?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾನೂನಿನ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ನಾನೂ ಮೊದಲು ಅದನ್ನೇ ಹಿಡಿದುಕೊಂಡಿದ್ದೆ. ನಮ್ಮಲ್ಲಿ ಶಸ್ತ್ರಾಸ್ತ್ರ ನಿಯಮಗಳು ಆಯುಧ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು. ಮನೆಗೆಲಸ, ಬೇಸಾಯ, ಕಾರ್ಖಾನೆ ಕೆಲಸಕ್ಕೆಂದು ಮಾಡಿದವು ಅದರಿಂದ ಹೊರಗೆ. ನನ್ನದು ಮೂರೂವರೆ ಇಂಚು. ಆ ಲೆಕ್ಕದಲ್ಲಿ ನಾನು ಸರಿ. ಆದರೆ ಆ ಮಗಳು ಅಪ್ಪನಿಗೆ ಅಡ್ಡ ಕೈ ಹಿಡಿಯುವಾಗ ಇಂಚು ಅಳೆಯಲಿಲ್ಲ, ಅಲ್ವಾ?

ಆಮೇಲೆ ಬೇರೆ ಬೇರೆ ಪ್ರಯತ್ನ ಮಾಡಿದೆ. ಮೊದಲು ಎಲ್ಲರ ಹತ್ತಿರವೂ ಇರುವ ಪೇಪರ್ ಕಟರ್. ತುದಿ ಮೊಂಡಾದರೆ ಮುರಿದು ಎಸೆಯುವ ಈ ಬ್ಲೇಡನ್ನು 1956ರಲ್ಲಿ ಜಪಾನಿನ ಒಕಾಡಾ ಎನ್ನುವವರು ಕಂಡುಹಿಡಿದರು. ಚಾಕೊಲೇಟ್ ಬಿಲ್ಲೆ ಗೆರೆಗೆ ಸರಿಯಾಗಿ ಮುರಿಯುವುದನ್ನು ನೋಡಿ ಹೊಳೆದದ್ದಂತೆ. ಓಲ್ಫಾ ಕಂಪನಿ ಶುರುವಾದದ್ದು ಅದರಿಂದಲೇ. ಹಳದಿ ಬಣ್ಣದ 9 ಮಿಲಿಮೀಟರ್ ಕಟರ್ ನೋಡಿ ವಾರ್ಡಿನಲ್ಲಿ ಯಾರೂ ಬೆಚ್ಚಲಿಲ್ಲ. ಕಷ್ಟ ಬೇರೆ ಕಡೆ ಬಂತು. ಬಿಪಿ ನೋಡಲು ತೋಳಿಗೆ ಸುತ್ತುವ ಕಫ್‌ಗಳ ಬಾಕ್ಸ್ ತೆರೆಯುವಾಗ ಬ್ಲೇಡ್ ಸ್ವಲ್ಪ ಜಾಸ್ತಿ ಹೊರಗಿತ್ತು. ಟೇಪಿನ ಜತೆಗೆ ಒಳಗಿದ್ದ ಕಫ್‌ನ ಟ್ಯೂಬಿಗೂ ಗೀರು ಬಿತ್ತು. ನನಗೆ ಕಾಣಲಿಲ್ಲ. ವಾರದ ಮೇಲೆ ಆ ಕಫ್ ಹಾಕಿದ ಮಾನಿಟರ್ ಪದೇ ಪದೇ ಲೀಕ್ ಎಂದು ತೋರಿಸತೊಡಗಿತು. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗಾಳಿ ಹಾಕಿದರೆ ಕೂದಲೆಳೆಯಷ್ಟು ಸೀಳಿನಿಂದ ಸಣ್ಣ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ನನ್ನದೇ ಕೈ ಕೆಲಸ. ಮುರಿದ ಬ್ಲೇಡ್ ಚೂರುಗಳದ್ದೂ ಒಂದು ಚಿಂತೆ. ರಕ್ತ ತಾಗಿದ ಸೂಜಿ, ಬ್ಲೇಡುಗಳಿಗೆ ಆಸ್ಪತ್ರೆ ತ್ಯಾಜ್ಯದ 2016ರ ನಿಯಮದಂತೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬ ಇದೆ. ನನ್ನ ಚೂರು ಸುಮ್ನೆ ಕಸದ ಬುಟ್ಟಿಗೆ ಬಿದ್ದರೆ ಕಸ ತೆಗೆಯುವ ಅಕ್ಕನ ಕೈ ಕೊಯ್ಯುತ್ತದೆ. ಅದು ರೋಗಿಯ ರಕ್ತ ಕಂಡಿಲ್ಲ ಅಂತ ಆ ಅಕ್ಕನಿಗೆ ಗೊತ್ತಿರುವುದಿಲ್ಲ, ವಾರಗಟ್ಟಲೆ ಭಯದಲ್ಲಿ ಇರುತ್ತಾಳೆ.

ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನನ್ನ ಚಿಕ್ಕಮ್ಮನ ಮಗಳಿಗೆ ಒಮ್ಮೆ ಇದನ್ನೆಲ್ಲ ಹೇಳಿದೆ. ಅಲ್ಲಿನ ಕಾನೂನು ಹೇಳಿದಳು. 3 ಇಂಚಿಗಿಂತ ಚಿಕ್ಕದಾದ, ಮಡಚುವ, ಲಾಕ್ ಆಗದ ಚಾಕುವನ್ನು ಯಾರೂ ಕಾರಣ ಕೊಡದೆ ಇಟ್ಟುಕೊಳ್ಳಬಹುದಂತೆ. ಲಾಕ್ ಆಯಿತೆಂದರೆ ಸರಿಯಾದ ಕಾರಣ ಬೇಕು. ನನಗೆ ಅಲ್ಲೊಂದು ದಾರಿ ಕಂಡಿತು. ಲಾಕ್ ಇಲ್ಲದ ಚಾಕುವಿನಲ್ಲಿ ಬಲವಾಗಿ ಚುಚ್ಚಲು ಹೋದರೆ ಅದು ನಮ್ಮ ಬೆರಳ ಮೇಲೆಯೇ ಮಡಚಿಕೊಳ್ಳುತ್ತದೆ. ಅದು ಕೊಯ್ಯಲು ಮಾತ್ರ ಇರುವ ವಸ್ತು.

ಕೊನೆಗೆ ತೆಗೆದುಕೊಂಡದ್ದು ವಿಕ್ಟೋರಿನಾಕ್ಸ್‌ನ ಪುಟ್ಟ ಕೆಂಪು ಚಾಕು. ಮಡಚಿದಾಗ 58 ಮಿಲಿಮೀಟರ್, ಕೀ ಗೊಂಚಲಿನಲ್ಲಿ ಮರೆಯಾಗುವಷ್ಟು. ಅಲಗು ಹೆಬ್ಬೆರಳಿಗಿಂತ ಚಿಕ್ಕದು. ಜತೆಗೆ ಒಂದು ಕತ್ತರಿ, ತುದಿ ಸ್ಕ್ರೂಡ್ರೈವರ್ ಆಗಿರುವ ಉಗುರಿನ ಅರ, ಚಿಮುಟ, ಹಲ್ಲುಕಡ್ಡಿ. ಸ್ವಿಸ್ ಸೈನ್ಯಕ್ಕೆ ಚಾಕು ಮಾಡಿಕೊಡುತ್ತಿದ್ದ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ಮಾದರಿಯ ವಂಶದ್ದು. 'ಸ್ವಿಸ್ ಆರ್ಮಿ ನೈಫ್' ಎನ್ನುವ ಹೆಸರಿನಲ್ಲಿ ಸೈನ್ಯ ಇದ್ದರೂ ಅದನ್ನು ನೋಡಿ ಯಾರಿಗೂ ಸಿಪಾಯಿ ನೆನಪಾಗುವುದಿಲ್ಲ. ತೆರೆಯಲು ಎರಡು ಕೈ ಬೇಕು, ಉಗುರು ಸಿಕ್ಕಿಸಿ ನಿಧಾನಕ್ಕೆ ಎಳೆಯಬೇಕು. ಸದ್ದಿಲ್ಲ. ಕಪ್ಪು ಚಾಕುವಿನಲ್ಲಿ ನಾನು ಅನುಕೂಲ ಅಂದುಕೊಂಡಿದ್ದ ಆ ಒಂದೇ ಕೈಯ ವೇಗವೇ ಜನರನ್ನು ಹೆದರಿಸುತ್ತಿದ್ದದ್ದು. ಎರಡು ಕೈ ಹಿಡಿದು ಒದ್ದಾಡುವವನನ್ನು ನೋಡಿ ಯಾರೂ ಹೆದರುವುದಿಲ್ಲ.

ಅದರಲ್ಲಿ ನನಗೆ ಜಾಸ್ತಿ ಕೆಲಸಕ್ಕೆ ಬರುವುದು ಕತ್ತರಿ. ಟೇಪು, ಕವರು, ತೆಳು ಕೇಬಲ್ ಟೈ, ಎಲ್ಲ ಅದರಲ್ಲೇ ಆಗುತ್ತದೆ. ಅಲಗನ್ನು ವಾರಕ್ಕೆ ಎರಡು ಸಲ ತೆರೆದರೆ ಹೆಚ್ಚು. ದಪ್ಪ ಟೈ ಇದ್ದರೆ ಬ್ಯಾಗಿನಲ್ಲಿ ನಿಪ್ಪರ್ ಇದೆ. ರೋಗಿಗೆ ತೀರಾ ಹತ್ತಿರ, ಮೈಮೇಲೆ ವೈರ್ ಇರುವ ಕಡೆ ಸಿಸ್ಟರ್ ಹತ್ತಿರ ಬ್ಯಾಂಡೇಜ್ ಕತ್ತರಿ ಕೇಳುತ್ತೇನೆ. ಅದರ ಕೆಳಗಿನ ತುದಿ ಮೊಂಡಾಗಿರುತ್ತದೆ, ಚರ್ಮಕ್ಕೆ ತಾಗಿದರೂ ಜಾರುತ್ತದೆ.

ಚಾಕು ಬದಲಿಸಿದ ಮೇಲೆ ಅಭ್ಯಾಸವನ್ನೂ ಬದಲಿಸಬೇಕಾಯಿತು. ಈಗ ಮೊದಲು ಬಾಯಿ ತೆರೆಯುತ್ತೇನೆ. "ಅಜ್ಜಾ, ಈ ಟೇಪ್ ಕತ್ತರಿಸ್ತೀನಿ" ಅಂತ ಹೇಳಿ, ಟೇಪನ್ನು ಎಡಗೈಯಲ್ಲಿ ಎತ್ತಿ ತೋರಿಸಿ, ಆಮೇಲೆ ಜೇಬಿಗೆ ಕೈ ಹಾಕುವುದು. ಕತ್ತರಿಸಿದ ಕೂಡಲೇ ಮಡಚುವುದು, ಮಾತು ಆಮೇಲೆ. ಕೈಯಲ್ಲಿ ಅಲಗು ಹಿಡಿದು ಆ ಕಡೆ ಈ ಕಡೆ ತೋರಿಸುತ್ತಾ ಮಾತಾಡುವ ಚಟ ನನಗಿತ್ತು, ಅದನ್ನು ಬಿಡಲು ತಿಂಗಳುಗಳೇ ಬೇಕಾದವು. ಯಾರಾದರೂ ಹಣ್ಣು ಹೆಚ್ಚಲು ಕೇಳಿದರೆ ಕೊಡುವುದಿಲ್ಲ. ಎಷ್ಟು ಸ್ಪಿರಿಟ್ ಹಾಕಿ ಒರೆಸಿದರೂ ಮಡಚುವ ಕೀಲಿನೊಳಗೆ ಕೊಳೆ ಉಳಿಯುತ್ತದೆ.

ಎರಡು ಕಡೆ ಇದಕ್ಕೂ ಪ್ರವೇಶವಿಲ್ಲ. ಒಂದು ಮಾನಸಿಕ ಚಿಕಿತ್ಸೆಯ ವಾರ್ಡ್. ಅಲ್ಲಿಗೆ ಹೋಗುವಾಗ ಪ್ರತಿ ಸಾಮಾನನ್ನೂ ಎಣಿಸಿ ಬರೆದು ಒಳಗೆ ಒಯ್ಯುತ್ತೇವೆ, ಹೊರಗೆ ಬರುವಾಗ ಮತ್ತೆ ಎಣಿಸುತ್ತೇವೆ. ಒಂದು ಸ್ಕ್ರೂಡ್ರೈವರ್ ಬಿಟ್ ಕಮ್ಮಿಯಾದರೂ ಯಾರೂ ಹೊರಡುವಂತಿಲ್ಲ. ಇನ್ನೊಂದು ಎಂಆರ್‌ಐ ಕೋಣೆ. ಸ್ಕ್ಯಾನ್ ನಡೆಯದಿದ್ದಾಗಲೂ ಅದರ ಅಯಸ್ಕಾಂತ ಸದಾ ಚಾಲೂ ಇರುತ್ತದೆ. ನಮ್ಮಲ್ಲಿರುವುದರ ಬಲ 1.5 ಟೆಸ್ಲಾ. ಚಾಕುವಿನ ಉಕ್ಕನ್ನು ಅದು ಕೈಯಿಂದ ಕಿತ್ತುಕೊಂಡು ಎಳೆಯುತ್ತದೆ, ದಾರಿಯಲ್ಲಿ ರೋಗಿಯ ತಲೆ ಇದ್ದರೆ ಮುಗಿಯಿತು. ಪುಟ್ಟ ಚಾಕುವಿನ ಅಪಾಯವೇ ಇದು, ಜೇಬಿನಲ್ಲಿದೆ ಎನ್ನುವುದೇ ಮರೆತುಹೋಗುತ್ತದೆ. ಹಾಗಾಗಿ ಕೀ ಗೊಂಚಲು, ಚಾಕು, ಮೊಬೈಲು ಮೂರನ್ನೂ ಒಂದೇ ಚೀಲದಲ್ಲಿ ಹಾಕಿ ಹೊರಗಿನ ಲಾಕರಿನಲ್ಲಿಟ್ಟು, ಎರಡೂ ಜೇಬು ಹೊರಗೆ ಮಗುಚಿ ತೋರಿಸಿ ಒಳಗೆ ಹೋಗುತ್ತೇನೆ. ಸಂಜೆ ಮನೆಗೆ ಹೊರಡುವಾಗಲೂ ಅದು ಆಸ್ಪತ್ರೆಯ ಲಾಕರಿನಲ್ಲೇ ಉಳಿಯುತ್ತದೆ. ಮೆಟ್ರೋ ಸ್ಕ್ಯಾನರಿನ ಮುಂದೆ ವಿವರಣೆ ಕೊಡುತ್ತಾ ನಿಲ್ಲುವುದು ಬೇಡ.

ನಿಜ ಹೇಳಬೇಕೆಂದರೆ, ಇದಕ್ಕಿಂತ ಒಳ್ಳೆಯ ಉಪಾಯ ತಡವಾಗಿ ಹೊಳೆಯಿತು. ಬಾಕ್ಸನ್ನು ವಾರ್ಡಿಗೆ ಒಯ್ಯುವುದೇ ಯಾಕೆ? ಗೋಡೌನು, ಲಾರಿ ಸುತ್ತಿ ಬಂದ ರಟ್ಟಿನ ತುಂಬ ಧೂಳಿರುತ್ತದೆ, ಸೋಂಕು ನಿಯಂತ್ರಣದವರೂ ಮೊದಲಿಂದ ಬೇಡ ಎನ್ನುತ್ತಿದ್ದರು. ಈಗ ಎಲ್ಲವನ್ನೂ ಕೆಳಗೆ ಸ್ಟೋರಿನಲ್ಲೇ ಬಿಚ್ಚುತ್ತೇವೆ. ಅಲ್ಲಿ ದೊಡ್ಡ ಕಟರ್ ಇದೆ, ನೋಡಿ ಬೆಚ್ಚುವವರಿಲ್ಲ. ಮಾನಿಟರ್ ಒರೆಸಿಕೊಂಡು, ಬರಿಮೈಯಲ್ಲಿ, ಟ್ರಾಲಿಯ ಮೇಲೆ ವಾರ್ಡಿಗೆ ಬರುತ್ತದೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಆ ಕಪ್ಪು ಚಾಕುವನ್ನು ಮುಂದಿನ ಸಲ ಊರಿಗೆ ಹೋದಾಗ ಅಪ್ಪನಿಗೆ ಕೊಟ್ಟೆ. ಮೆಣಸಿನ ಬಳ್ಳಿ ಕಟ್ಟುವಾಗ ಹಗ್ಗ ಕೊಯ್ಯಲು ಇಟ್ಟುಕೊಂಡಿದ್ದಾರೆ. ಒಂದು ಕೈ ಬಳ್ಳಿ ಹಿಡಿದಿರುತ್ತದಲ್ಲ, ಒಂದೇ ಕೈಯಲ್ಲಿ ತೆರೆಯುವುದು ಅವರಿಗೆ ಬಹಳ ಹಿಡಿಸಿದೆ. ಕೆಲಸವಿಲ್ಲದಾಗ ಜಗಲಿಯ ಕಟ್ಟೆ ಮೇಲೆ, ಎಲೆ ಅಡಿಕೆ ತಟ್ಟೆಯ ಪಕ್ಕ ಬಿದ್ದಿರುತ್ತದೆ. ಅಲ್ಲಿ ಅದು ಟಕ್ ಎಂದರೆ ನಮ್ಮ ನಾಯಿಯೂ ತಲೆ ಎತ್ತುವುದಿಲ್ಲ.