ಸಹಿ ಯಾರದೋ, ಮಾತೂ ಅವರದೇ ಆಗಿರಲಿ

ಒಬ್ಬರ ಹೆಸರಿನಲ್ಲಿ ಗ್ರಾಹಕರಿಗೆ ಹೋಗುವ ಪತ್ರವನ್ನು ಆ ವ್ಯಕ್ತಿಯ ಎದುರು ಕುಳಿತು ಮಾತನಾಡದೆ ಬರೆದುಕೊಡಲು ನಾನು ಈಗ ಒಪ್ಪುವುದಿಲ್ಲ. ಏನು ಬರೆಯಬೇಕು ಎಂದು ತಿಳಿಸುವ ಟಿಪ್ಪಣಿ, ಅಂದರೆ ಬ್ರೀಫ್, ಎಷ್ಟೇ ವಿವರವಾಗಿರಲಿ, ಡೆಡ್‌ಲೈನ್ ಎಷ್ಟೇ ಹತ್ತಿರವಿರಲಿ, ಮೊದಲು ಅವರ ಸಮಯ ಕೊಡಿಸಿ ಎಂದೇ ಕೇಳುತ್ತೇನೆ. ಇದರಿಂದ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ ನನ್ನ ಮೇಲೆ ಬೇಸರವಿದೆ. ಆದರೆ ನಾನು ಈ ಹಟ ಹಿಡಿಯುವಂತೆ ಮಾಡಿದ್ದು ಒಂದು ಅಪ್ರೂವಲ್ ಮೀಟಿಂಗ್. ಅದನ್ನು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ.

ನಾನು ಕಾಪಿ, ಅಂದರೆ ಪ್ರಚಾರದ ಪಠ್ಯ, ಬರೆಯುವ ಕಂಪನಿ ಶ್ರವಣ ಸಾಧನಗಳನ್ನು ಮಾರುತ್ತದೆ. ಟ್ರಯಲ್‌ಗೆ ಕೊಂಡೊಯ್ದವರಲ್ಲಿ ಎಷ್ಟೋ ಮಂದಿ ಅವಧಿ ಮುಗಿಯುವ ಮೊದಲೇ ಸಾಧನವನ್ನು ಹಿಂದಿರುಗಿಸುತ್ತಿದ್ದರು. ಹಾಗಾಗಿ, ಸಾಧನ ಕೈಸೇರಿದ ಮೊದಲ ವಾರದಲ್ಲೇ ನಮ್ಮ ಶ್ರವಣ ತಜ್ಞೆಯ ಹೆಸರಿನಲ್ಲಿ ಎಲ್ಲರಿಗೂ ಒಂದು ಇಮೇಲ್ ಹೋಗಲಿ ಎಂದು ಮಾರ್ಕೆಟಿಂಗ್ ಮುಖ್ಯಸ್ಥರು ತೀರ್ಮಾನಿಸಿದರು. ಬ್ರೀಫ್‌ನಲ್ಲಿ ಟೋನ್ ಎಂಬ ಸಾಲಿನ ಮುಂದೆ ‘ಆತ್ಮೀಯ’ ಎಂದಷ್ಟೇ ಇತ್ತು. ಕಂಪನಿಯ ಬರಹ ಹೇಗಿರಬೇಕು ಎಂದು ಹೇಳುವ ಬ್ರ್ಯಾಂಡ್ ಗೈಡ್ ತೆರೆದರೆ ನಮ್ಮ ದನಿ ‘ಸ್ನೇಹಪರ, ಭರವಸೆಯ, ಉತ್ಸಾಹದ’ ದನಿ. ಯಾವ ಕಂಪನಿಯ ಗೈಡ್ ತೆರೆದರೂ ಇವೇ ಗುಣವಾಚಕಗಳು. ಇವನ್ನು ಎದುರಿಗಿಟ್ಟುಕೊಂಡು ಒಂದು ವಾಕ್ಯವನ್ನೂ ಬರೆಯಲಾಗದು ಎಂದು ಎಷ್ಟು ಸಲ ಹೇಳಿದರೂ ಯಾರೂ ಅದನ್ನು ತಿದ್ದುವುದಿಲ್ಲ.

ನಾನು ಬರೆದ ಡ್ರಾಫ್ಟ್ ಹೀಗೆ ಆರಂಭವಾಗುತ್ತಿತ್ತು: “ನಮಸ್ಕಾರ, ನಾನು ನಿಮ್ಮ ಶ್ರವಣ ತಜ್ಞೆ. ವರ್ಷಗಳ ನಂತರ ತಮ್ಮವರ ದನಿಯನ್ನು ಸ್ಪಷ್ಟವಾಗಿ ಕೇಳಿದವರ ಮುಖ ನೋಡುವಾಗ ನನ್ನ ಕಣ್ಣು ತುಂಬಿ ಬರುತ್ತದೆ. ಈ ಸುಂದರ ಪಯಣದಲ್ಲಿ ನಾನು ಸದಾ ನಿಮ್ಮೊಂದಿಗಿರುತ್ತೇನೆ.” ತಂಡದಲ್ಲಿ ಎಲ್ಲರಿಗೂ ಇಷ್ಟವಾಯಿತು. ವಿನ್ಯಾಸದವರು ತಜ್ಞೆಯ ಫೋಟೊ ಕೂರಿಸಿದರು. ಮೇಲ್ ಶೆಡ್ಯೂಲ್ ಕೂಡ ಆಯಿತು. ಉಳಿದದ್ದು ಆಕೆಯ ಒಪ್ಪಿಗೆ ಮಾತ್ರ. ಅದನ್ನು ಎಲ್ಲರೂ ಕೇವಲ ಶಾಸ್ತ್ರ ಎಂದುಕೊಂಡಿದ್ದರು.

ತಜ್ಞೆ ರೋಗಿಗಳ ನಡುವಿನ ಬಿಡುವಿನಲ್ಲಿ ಬಂದರು. ಪರದೆಯ ಮೇಲೆ ಮೇಲ್ ತೆರೆದಿತ್ತು. ಆಕೆ ಕನ್ನಡಕ ಹಾಕಿಕೊಂಡು ಓದಿದರು, ಮತ್ತೆ ಮೇಲಿನಿಂದ ಓದಿದರು. ಯಾರೂ ಮಾತನಾಡಲಿಲ್ಲ. ಅಷ್ಟು ಹೊತ್ತು ಓದುವಷ್ಟು ಉದ್ದದ ಮೇಲ್ ಅದಾಗಿರಲಿಲ್ಲ. ಕೊನೆಗೆ ಆಕೆ ನನ್ನ ಕಡೆ ತಿರುಗಿ, “ಕಣ್ಣು ತುಂಬಿ ಬರುತ್ತದೆ ಎಂದು ನಾನು ಯಾವಾಗ ಹೇಳಿದೆ?” ಎಂದು ಕೇಳಿದರು.

ನಾನು ಉತ್ತರಿಸುವ ಮೊದಲೇ ಮುಖ್ಯಸ್ಥರು, “ಓದುವವರಿಗೆ ಹತ್ತಿರವಾಗಬೇಕಲ್ಲ ಮೇಡಂ, ಭಾವನೆ ಮುಖ್ಯ” ಎಂದರು.

“ಇದನ್ನು ಓದಿದವರು ನಾಳೆ ನನ್ನ ಮುಂದೆ ಬಂದು ಕೂರುತ್ತಾರೆ. ಮೊದಲ ವಾರ ಅವರಿಗೆ ಸುಂದರವಾಗಿರುವುದಿಲ್ಲ, ಕಿರಿಕಿರಿಯಾಗಿರುತ್ತದೆ. ಆಗ ಅವರಿಗೆ ನಾನು ಏನು ಹೇಳಲಿ?”

ಅವರಿಬ್ಬರ ನಡುವೆ ಮಾತು ಬೆಳೆಯುತ್ತಿದ್ದಂತೆ ನಾನು ಲ್ಯಾಪ್‌ಟಾಪ್ ಎಳೆದುಕೊಂಡು ‘ಕಣ್ಣು ತುಂಬಿ ಬರುತ್ತದೆ’ ಎಂಬುದನ್ನು ಅಳಿಸಿ ‘ತುಂಬಾ ಸಂತೋಷವಾಗುತ್ತದೆ’ ಎಂದು ಹಾಕಿದೆ. ಆಕೆಯ ತಕರಾರು ಅತಿಭಾವುಕತೆಯ ಬಗ್ಗೆ, ಸ್ವಲ್ಪ ತಗ್ಗಿಸಿದರೆ ಮುಗಿಯಿತು ಎಂದು ನಾನು ಎಣಿಸಿದ್ದೆ. ಪರದೆಯ ಮೇಲೆ ಅಕ್ಷರಗಳು ಬದಲಾಗುವುದನ್ನು ನೋಡುತ್ತಿದ್ದ ಆಕೆ, “ಪದ ಬದಲಿಸಿದರೆ ಆಯಿತೇ? ಇದರ ಕೆಳಗೆ ಇರುವುದು ನನ್ನ ಹೆಸರು” ಎಂದರು. ಕೋಪದಿಂದ ಹೇಳಿದ ಮಾತಲ್ಲ. ಆದ್ದರಿಂದಲೇ ಹೆಚ್ಚು ತಾಗಿತು. ಆಕೆಗೆ ಬೇಕಿದ್ದುದು ಬೇರೆ ಟೋನ್ ಅಲ್ಲ. ತಾನು ಹೇಳದೇ ಇರುವ ಮಾತಿಗೆ ಹೊಣೆ ಹೊರಲು ಆಕೆ ಸಿದ್ಧವಿರಲಿಲ್ಲ, ಅಷ್ಟೆ.

ಶೆಡ್ಯೂಲ್ ತಪ್ಪುತ್ತದೆ ಎಂದು ಮುಖ್ಯಸ್ಥರು ಗಡಿಯಾರ ನೋಡುತ್ತಿದ್ದಾಗ, ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ: “ಮೊದಲ ವಾರದಲ್ಲಿ ದೂರು ಹೇಳಿಕೊಂಡು ಬಂದವರಿಗೆ ನೀವು ಏನು ಹೇಳುತ್ತೀರಿ?”

ಆಕೆ ಯೋಚಿಸಲೇ ಇಲ್ಲ. ದಿನವೂ ಹೇಳುವ ಮಾತು ಅದು.

“ನಿಮ್ಮ ದನಿಯೇ ನಿಮಗೆ ಬೇರೆಯವರದರಂತೆ ಕೇಳುತ್ತದೆ, ಕೊಡದೊಳಗೆ ಬಾಯಿಟ್ಟು ಮಾತನಾಡಿದ ಹಾಗೆ. ಪತ್ರಿಕೆ ಮಡಚಿದರೆ ಸದ್ದು, ನಲ್ಲಿ ತಿರುಗಿಸಿದರೆ ಸದ್ದು, ಫ್ರಿಜ್ ರಾತ್ರಿಯೆಲ್ಲ ಗುಂಯ್‌ಗುಡುತ್ತದೆ. ಸಾಧನ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಕೆಟ್ಟಿಲ್ಲ. ಆ ಸದ್ದುಗಳು ವರ್ಷಗಳಿಂದ ನಿಮ್ಮ ಮೆದುಳಿಗೆ ತಲುಪಿರಲಿಲ್ಲ. ಯಾವುದಕ್ಕೆ ಕಿವಿಗೊಡಬೇಕು, ಯಾವುದನ್ನು ಬಿಡಬೇಕು ಎಂಬ ರೂಢಿ ತಪ್ಪಿಹೋಗಿದೆ, ಮತ್ತೆ ಕಲಿಯಲು ಕೆಲವು ವಾರ ಬೇಕು. ಮೊದಲು ಮನೆಯೊಳಗೆ, ಒಬ್ಬರೊಂದಿಗೆ ಮಾತನಾಡುವಾಗ ಹಾಕಿಕೊಳ್ಳಿ. ಗದ್ದಲದ ಜಾಗ ಆಮೇಲೆ. ಸಿಳ್ಳೆ ಹೊಡೆದರೆ ಕಿವಿಯೊಳಗಿನ ತುದಿ ಸರಿಯಾಗಿ ಕೂತಿದೆಯೇ ನೋಡಿ, ತೆಗೆದು ಮತ್ತೆ ಹಾಕಿ. ನೋವಾದರೆ ಮಾತ್ರ ಸಹಿಸಬೇಡಿ, ಬಂದುಬಿಡಿ.”

ನಾನು ಟೈಪ್ ಮಾಡುತ್ತಲೇ ಇದ್ದೆ. ಆಕೆ ಎದ್ದು ಹೋಗುವ ಹೊತ್ತಿಗೆ ಹೊಸ ಮೇಲ್ ಬಹುಪಾಲು ಸಿದ್ಧವಾಗಿತ್ತು. ಅದರಲ್ಲಿ ಒಂದು ಗುಣವಾಚಕವೂ ಇರಲಿಲ್ಲ, ಆದರೂ ಗೈಡ್ ಕೇಳುವ ಸ್ನೇಹ, ಭರವಸೆ ಎರಡೂ ಇದ್ದವು. ಫ್ರಿಜ್ ಸದ್ದಿನ ವಿಷಯವನ್ನು ಕಲ್ಪಿಸಿ ಬರೆಯಲು ನನ್ನಿಂದ ಆಗುತ್ತಿರಲಿಲ್ಲ. ಅಂಥ ದೂರುಗಳನ್ನು ದಿನವೂ ಕೇಳಿಸಿಕೊಂಡವರಿಗೆ ಮಾತ್ರ ಅದು ಗೊತ್ತು. ಓದುವವರು ಆ ಕ್ಷಣದಲ್ಲಿ ಅನುಭವಿಸುತ್ತಿರುವುದನ್ನೇ ಪತ್ರ ಮೊದಲಾಗಿ ಹೇಳಿಬಿಟ್ಟರೆ, ಅದರ ಹಿಂದೆ ಬರುವ ಸಲಹೆಯನ್ನೂ ಅವರು ನಂಬುತ್ತಾರೆ. ಸಬ್ಜೆಕ್ಟ್ ಲೈನ್ ಕೂಡ ಬದಲಾಯಿತು: ‘ನಿಮ್ಮ ಶ್ರವಣ ಪಯಣಕ್ಕೆ ಸ್ವಾಗತ!’ ಹೋಗಿ ‘ಮೊದಲ ವಾರ ಎಲ್ಲವೂ ಜೋರಾಗಿ ಕೇಳುತ್ತದೆ’ ಬಂತು.

ಮುಖ್ಯಸ್ಥರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಕಿರಿಕಿರಿ, ಸಿಳ್ಳೆ, ನೋವು ಇವನ್ನೆಲ್ಲ ನಾವೇ ಹೇಳಿದರೆ ಹಿಂದಿರುಗಿಸದವರೂ ಹಿಂದಿರುಗಿಸುತ್ತಾರೆ ಎಂಬುದು ಅವರ ವಾದ. ಈ ವಾದ ಹೊಸದಲ್ಲ, ಅದಕ್ಕೆ ಉತ್ತರವೂ ಹೊಸದಲ್ಲ. 1960ರಲ್ಲಿ ಫೋಕ್ಸ್‌ವ್ಯಾಗನ್ ತನ್ನ ಕಾರಿನ ಚಿತ್ರದ ಕೆಳಗೆ ‘ಲೆಮನ್’, ಅಂದರೆ ದೋಷವುಳ್ಳ ಗಾಡಿ, ಎಂದು ಅಚ್ಚುಹಾಕಿಸಿತು. ಮುಂದಿನ ಸೀಟಿನೆದುರಿನ ಸಣ್ಣ ಖಾನೆಯ (ಗ್ಲೋವ್ ಬಾಕ್ಸ್) ಮೇಲಿನ ಕ್ರೋಮ್ ಪಟ್ಟಿಯಲ್ಲಿ ಕಲೆ ಇದ್ದ ಕಾರಣಕ್ಕೆ ಆ ಕಾರನ್ನು ಪರೀಕ್ಷಕರು ತಿರಸ್ಕರಿಸಿದ್ದರು ಎಂಬ ವಿವರ ಕೆಳಗಿತ್ತು. ಎರಡು ವರ್ಷದ ನಂತರ, ಕಾರು ಬಾಡಿಗೆಗೆ ಕೊಡುವ ಏವಿಸ್ ಕಂಪನಿಗೆ ಪೌಲಾ ಗ್ರೀನ್ ಬರೆದ ಜಾಹೀರಾತು, ನಾವು ಎರಡನೆಯ ಸ್ಥಾನದಲ್ಲಿದ್ದೇವೆ, ಆದ್ದರಿಂದ ಹೆಚ್ಚು ಶ್ರಮಪಡುತ್ತೇವೆ ಎಂದಿತು. ಎರಡರಲ್ಲೂ ಕಂಪನಿ ತನಗೆ ಅನುಕೂಲವಲ್ಲದ ಒಂದು ನಿಜವನ್ನು ಮುಂದಿಟ್ಟಿತ್ತು, ಉಳಿದ ಮಾತಿಗೆ ತೂಕ ಬಂದದ್ದು ಅದರಿಂದ. ಇದನ್ನು ಮೀಟಿಂಗ್‌ನಲ್ಲಿ ಹೇಳಿದಾಗ ಅವರು, “ಅವೆಲ್ಲ ದೊಡ್ಡ ಕಂಪನಿಗಳು” ಎಂದರು. ಚಿಕ್ಕ ಕಂಪನಿಗೆ ನಂಬಿಕೆ ಇನ್ನೂ ಹೆಚ್ಚು ಬೇಕು ಎಂದೆ. ಕೊನೆಗೆ ತಜ್ಞೆ ಹಳೆಯದಕ್ಕೆ ಸಹಿ ಹಾಕುವುದಿಲ್ಲ ಎಂದದ್ದರಿಂದಲೇ ಹೊಸದು ಹೋಯಿತು, ನನ್ನ ವಾದದಿಂದಲ್ಲ.

ವೈಯಕ್ತಿಕ ದನಿ ಎಂದರೆ ಮಾತನಾಡಿದ್ದನ್ನು ಹಾಗೆಯೇ ಇಳಿಸುವುದು ಎಂದು ಯಾರಾದರೂ ತಿಳಿದರೆ ಅದೂ ಸರಿಯಲ್ಲ. ಮಾತಿನಲ್ಲಿ ಮರುಕಳಿಕೆ ಇರುತ್ತದೆ, ಅರ್ಧಕ್ಕೆ ಬಿಟ್ಟ ವಾಕ್ಯ ಇರುತ್ತದೆ. ಅವನ್ನು ತೆಗೆಯಬೇಕು. ಆದರೆ ಮಾತಿನ ಕ್ರಮವನ್ನು ನಾನು ಮುಟ್ಟುವುದಿಲ್ಲ, ಏಕೆಂದರೆ ಯಾವುದನ್ನು ಮೊದಲು ಹೇಳಬೇಕು ಎಂಬುದು ಅವರಿಗೆ ಅನುಭವದಿಂದ ಬಂದಿರುತ್ತದೆ. ಆಕೆಯ ‘ಕೆಟ್ಟಿಲ್ಲ’ ಎಂಬ ಒಂಟಿ ಪದದ ವಾಕ್ಯವನ್ನು ನಮ್ಮ ಸಂಪಾದಕರು ಹಿಂದಿನ ವಾಕ್ಯಕ್ಕೆ ‘ಆದರೆ’ ಹಾಕಿ ಜೋಡಿಸಿದ್ದರು. ನಾನು ಅದನ್ನು ಮತ್ತೆ ಬಿಡಿಸಿದೆ. ಗಾಬರಿಯಾದವರಿಗೆ ಬೇಕಾದ ಧೈರ್ಯ ಆ ಪೂರ್ಣವಿರಾಮದಲ್ಲಿದೆ. ಬರೆದ ಮೇಲೆ ಸಹಿ ಹಾಕುವವರ ಕೈಗೇ ಕೊಟ್ಟು ಗಟ್ಟಿಯಾಗಿ ಓದಿಸುತ್ತೇನೆ. ಎಲ್ಲಿ ನಾಲಿಗೆ ತಡವರಿಸುತ್ತದೆಯೋ, ಎಲ್ಲಿ ಅವರು ತಮಗೇ ಗೊತ್ತಿಲ್ಲದೆ ಬೇರೆ ಪದ ಓದುತ್ತಾರೋ, ಆ ಜಾಗದಲ್ಲಿ ಇರುವುದು ನನ್ನ ಮಾತು. ಅಲ್ಲಿ ಅವರು ಓದಿದ ಪದವನ್ನೇ ಹಾಕಿಬಿಡುತ್ತೇನೆ.

ಕೇಳುವ ಪ್ರಶ್ನೆಯೂ ಮುಖ್ಯ. ‘ಗ್ರಾಹಕರಿಗೆ ನಿಮ್ಮ ಸಂದೇಶವೇನು’ ಎಂದು ಕೇಳಿದರೆ ಎಂಥವರೂ ಕರಪತ್ರದ ಭಾಷೆಗೆ ಹೊರಳುತ್ತಾರೆ. ನಿನ್ನೆ ಬಂದವರು ಏನು ಕೇಳಿದರು, ನೀವು ಏನು ಹೇಳಿದಿರಿ ಎಂದು ಕೇಳಿದರೆ ಕಥೆ ತಾನಾಗಿ ಬರುತ್ತದೆ. ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ 1998ರಲ್ಲಿ ಸರಳ ಭಾಷೆಯ ಬಗ್ಗೆ ಹೊರತಂದ ಕೈಪಿಡಿಗೆ ಹೂಡಿಕೆದಾರ ವಾರನ್ ಬಫೆಟ್ ಮುನ್ನುಡಿ ಬರೆದಿದ್ದರು. ವಾರ್ಷಿಕ ವರದಿ ಬರೆಯುವಾಗ ತಮ್ಮ ಸಹೋದರಿಯರಾದ ಡೋರಿಸ್ ಮತ್ತು ಬರ್ಟಿಯೊಂದಿಗೆ ಮಾತನಾಡುತ್ತಿರುವಂತೆ ಭಾವಿಸಿಕೊಳ್ಳುತ್ತೇನೆ ಎಂದು ಅದರಲ್ಲಿ ಹೇಳಿದ್ದಾರೆ. ಇಬ್ಬರೂ ಬುದ್ಧಿವಂತರು, ಆದರೆ ಲೆಕ್ಕಪತ್ರದಲ್ಲಿ ಪರಿಣತರಲ್ಲ. ಗ್ರಾಹಕರನ್ನು ಗುಂಪುಗಳಾಗಿ ವಿಂಗಡಿಸಿ ನಾವು ಇಡುವ ಸೆಗ್‌ಮೆಂಟ್ ಹೆಸರುಗಳಿಗಿಂತ ಇದು ಎಷ್ಟೋ ಉಪಯುಕ್ತ. ‘ಟ್ರಯಲ್, ಅರವತ್ತು ಮೇಲ್ಪಟ್ಟವರು’ ಎಂಬ ಸೆಗ್‌ಮೆಂಟ್‌ನೊಂದಿಗೆ ಯಾರೂ ಮಾತನಾಡಲಾರರು.

ಕಂಪನಿ ಈ ನಡುವೆ ಪಠ್ಯ ರಚಿಸುವ ಒಂದು ಎಐ ಟೂಲ್ ಖರೀದಿಸಿದೆ. ತಜ್ಞೆಯ ಮೇಲ್ ಅನ್ನು ಅದಕ್ಕೆ ಕೊಟ್ಟು ‘ಇನ್ನಷ್ಟು ಆತ್ಮೀಯಗೊಳಿಸು’ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಫ್ರಿಜ್ ಹೋಯಿತು, ಪಯಣ ಮರಳಿ ಬಂತು. ಟೂಲ್‌ಗೆ ಬೈದು ಪ್ರಯೋಜನವಿಲ್ಲ. ಆಕೆಯ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ, ನನ್ನ ಮೊದಲ ಡ್ರಾಫ್ಟ್ ಬರೆಯುವಾಗ ನನಗೂ ಹೇಳಿರಲಿಲ್ಲ.

ದೊಡ್ಡ ಜಗಳ ನಡೆದದ್ದು ಉತ್ತರದ ವಿಳಾಸಕ್ಕೆ. ನಮ್ಮ ಮೇಲ್‌ಗಳೆಲ್ಲ ‘ನೋ-ರಿಪ್ಲೈ’ ವಿಳಾಸದಿಂದ ಹೋಗುತ್ತವೆ. ‘ನೋವಾದರೆ ಬಂದುಬಿಡಿ’ ಎಂದು ಹೆಸರು ಹಾಕಿ ಬರೆದು, ಉತ್ತರಿಸಿದವರಿಗೆ ಈ ಪೆಟ್ಟಿಗೆಯನ್ನು ಯಾರೂ ನೋಡುವುದಿಲ್ಲ ಎಂಬ ಸ್ವಯಂಚಾಲಿತ ಸಂದೇಶ ಕಳಿಸಿದರೆ ಪತ್ರವೆಲ್ಲ ಸುಳ್ಳಾಗುತ್ತದೆ. ಐಟಿ ವಿಭಾಗ ಗ್ರಾಹಕರ ದೂರುಗಳನ್ನು ದಾಖಲಿಸುವ ಟಿಕೆಟ್ ವ್ಯವಸ್ಥೆಯ ನಿಯಮ ತೋರಿಸಿತು. ಈ ಒಂದು ಮೇಲ್‌ಗೆ ಮಾತ್ರ ವಿನಾಯಿತಿ ಸಿಗಲು ಬಹಳ ಕಾಡಬೇಕಾಯಿತು.

ಸಿಕ್ಕಿದ್ದು ಒಳ್ಳೆಯದಾಯಿತು, ಏಕೆಂದರೆ ಮೇಲ್ ಕೆಲಸ ಮಾಡಿತೇ ಎಂದು ತಿಳಿಯಲು ಓಪನ್ ರೇಟ್, ಅಂದರೆ ಎಷ್ಟು ಮಂದಿ ಮೇಲ್ ತೆರೆದರು ಎಂಬ ಲೆಕ್ಕ, ನಂಬುವಂತಿಲ್ಲ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಖಾಸಗಿತನದ ರಕ್ಷಣೆ ತಂದ ಮೇಲೆ, ಯಾರೂ ತೆರೆಯದ ಮೇಲ್ ಕೂಡ ತೆರೆದಂತೆ ದಾಖಲಾಗಬಹುದು. ಆದರೂ ತಿಂಗಳ ವರದಿಯಲ್ಲಿ ಮೊದಲು ಕೇಳುವುದು ಅದನ್ನೇ. ನಾನು ಉತ್ತರಗಳನ್ನು ಓದಿದೆ. ಸಾಧನವನ್ನು ಹಿಂದಿರುಗಿಸಲು ಡಬ್ಬಿಗೆ ಹಾಕಿಟ್ಟಿದ್ದೆ, ಫ್ರಿಜ್ ವಿಷಯ ಓದಿ ಮತ್ತೆ ತೆಗೆದೆ ಎಂದು ಒಬ್ಬರು ಬರೆದಿದ್ದರು. ಇನ್ನೊಬ್ಬರು ಸಿಳ್ಳೆ ನಿಂತಿಲ್ಲ, ಯಾವಾಗ ಬರಲಿ ಎಂದು ಕೇಳಿದ್ದರು.

ಈ ಉತ್ತರಗಳಿಗೆಲ್ಲ ತಜ್ಞೆ ಊಟದ ಬಿಡುವಿನಲ್ಲಿ ಕುಳಿತು ಪ್ರತ್ಯುತ್ತರ ಬರೆಯುತ್ತಾರೆ. ಅದು ಆಕೆಯ ಕೆಲಸದ ಪಟ್ಟಿಯಲ್ಲಿಲ್ಲ, ಅದಕ್ಕೆ ಸಮಯವನ್ನೂ ಕೊಟ್ಟಿಲ್ಲ. ಮುಖ್ಯಸ್ಥರು ಈಗ ಆಕೆಯ ಹೆಸರಿನಲ್ಲೇ ಇಡೀ ಸರಣಿ ಬೇಕು ಎನ್ನುತ್ತಿದ್ದಾರೆ. ಆಕೆಗೆ ಉತ್ತರಿಸಲು ವಾರದಲ್ಲಿ ಇಂತಿಷ್ಟು ಹೊತ್ತು ಎಂದು ನಿಗದಿ ಮಾಡಿ, ಇಲ್ಲವಾದರೆ ಮೇಲ್‌ನಿಂದ ಆಕೆಯ ಹೆಸರು ತೆಗೆಯಿರಿ ಎಂದು ಬರೆದುಕೊಟ್ಟಿದ್ದೇನೆ. ಆಡಳಿತ ವರ್ಗದಿಂದ ಉತ್ತರ ಬರುವವರೆಗೂ ಎರಡನೆಯ ಮೇಲ್ ಬರೆಯುವುದಿಲ್ಲ.