ಕಬ್ಬಿಣವನ್ನು ಅಳೆಯುವ ಮುನ್ನ ಲಿಗ್ಯಾಂಡ್ ಯಾವುದೆಂದು ಕೇಳಬೇಕು

ದ್ರಾವಣಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನ್ನ ಪಾಲಿಗೆ ಹೆಚ್ಚಾಗಿ ಬರುವ ಕೆಲಸವೆಂದರೆ ಕಬ್ಬಿಣದ ಪ್ರಮಾಣವನ್ನು ಅಳೆಯುವುದು. ಹೊಸದಾಗಿ ಸೇರುವ ಪದವೀಧರರು ಸಂಕೀರ್ಣ ಸಂಯುಕ್ತಗಳಲ್ಲಿರುವ ಲೋಹದ ಉತ್ಕರ್ಷಣ ಸ್ಥಿತಿಯನ್ನು, ಅಂದರೆ ಲೋಹದ ಪಾಲಿಗೆ ಲೆಕ್ಕಕ್ಕೆ ಬರುವ ಆವೇಶವನ್ನು, ಸಲೀಸಾಗಿ ಲೆಕ್ಕ ಹಾಕುತ್ತಾರೆ. ಪೊಟ್ಯಾಸಿಯಂ ಫೆರೊಸಯನೈಡ್‌ನಲ್ಲಿ ನಾಲ್ಕು ಪೊಟ್ಯಾಸಿಯಂಗಳ ಆವೇಶ +4, ಆರು ಸಯನೈಡ್‌ಗಳದ್ದು −6, ಆದ್ದರಿಂದ ಕಬ್ಬಿಣದ್ದು +2. ಲೆಕ್ಕ ಸರಿಯಾಗಿದೆ, ಆದರೆ ಆ ಸ್ಥಿತಿಯಲ್ಲಿ ಲೋಹ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಲಿಗ್ಯಾಂಡ್, ಅಂದರೆ ಸುತ್ತ ಕುಳಿತು ಲೋಹವನ್ನು ಹಿಡಿದಿರುವ ಅಣು ಅಥವಾ ಅಯಾನು.

ನಾವು ಅನುಸರಿಸುವ ಫಿನಾಂತ್ರೊಲಿನ್ ವಿಧಾನದಲ್ಲಿ ಮೊದಲು ಹೈಡ್ರಾಕ್ಸಿಲಮೀನ್ ಹೈಡ್ರೊಕ್ಲೋರೈಡ್ ಬೆರೆಸಿ +3 ಕಬ್ಬಿಣವನ್ನು +2ಕ್ಕೆ ಇಳಿಸುತ್ತೇವೆ. ಬಳಿಕ ಮೂರು ಫಿನಾಂತ್ರೊಲಿನ್ ಅಣುಗಳು, ಒಂದೊಂದೂ ಎರಡು ನೈಟ್ರೋಜನ್‌ಗಳಿಂದ ಲೋಹವನ್ನು ಹಿಡಿದು, ಕಿತ್ತಳೆಗೆಂಪು ಸಂಕೀರ್ಣವನ್ನು ಉಂಟುಮಾಡುತ್ತವೆ. ಅದರ ಬಣ್ಣದ ತೀವ್ರತೆಯನ್ನು 510 ನ್ಯಾನೊಮೀಟರ್ ತರಂಗಾಂತರದಲ್ಲಿ ಓದುತ್ತೇವೆ.

ಮಾದರಿಯಲ್ಲಿ ಇಡಿಟಿಎ (ಲೋಹದ ಅಯಾನುಗಳನ್ನು ಬಿಗಿಯಾಗಿ ಹಿಡಿಯುವ ಸಾವಯವ ಲಿಗ್ಯಾಂಡ್) ಇದ್ದರೆ ಇಲ್ಲಿಯೇ ತೊಡಕು ಶುರುವಾಗುತ್ತದೆ. +3 ಕಬ್ಬಿಣದೊಂದಿಗೆ ಇಡಿಟಿಎ ರೂಪಿಸುವ ಸಂಕೀರ್ಣದ ಸ್ಥಿರತಾಂಕವು (ಹಿಡಿತ ಎಷ್ಟು ಬಿಗಿ ಎಂಬುದರ ಅಳತೆ) ಸುಮಾರು 10ರ 25ನೆಯ ಘಾತವಾದರೆ, +2 ಕಬ್ಬಿಣದೊಂದಿಗೆ ಅದು 10ರ 14ನೆಯ ಘಾತದಷ್ಟು ಮಾತ್ರ. ಈ ಅಂತರದ ಪರಿಣಾಮವಾಗಿ, ನೀರಿನ ಅಣುಗಳಷ್ಟೇ ಸುತ್ತ ಇದ್ದಾಗ 0.77 ವೋಲ್ಟ್ ಇರುವ ಅಪಕರ್ಷಣ ವಿಭವವು (+3 ಕಬ್ಬಿಣ +2ಕ್ಕೆ ಇಳಿಯಲು ತೋರುವ ಒಲವಿನ ಅಳತೆ) ಸುಮಾರು 0.1 ವೋಲ್ಟ್‌ಗೆ ಕುಸಿಯುತ್ತದೆ. ಅಂದರೆ ಲೋಹ +3ರಲ್ಲೇ ಉಳಿಯಲು ಹಟ ಹಿಡಿಯುತ್ತದೆ, ಬಣ್ಣ ನಿಧಾನವಾಗಿ ಬರುತ್ತದೆ, ನಿಗದಿತ ಸಮಯಕ್ಕೆ ಓದಿದ ಅಂಕಿ ಕಡಿಮೆಯಾಗಿರುತ್ತದೆ. ಫಿನಾಂತ್ರೊಲಿನ್ ಇದಕ್ಕೆ ತದ್ವಿರುದ್ಧ: ಅದು +2 ಸ್ಥಿತಿಯನ್ನೇ ಮೆಚ್ಚಿ ವಿಭವವನ್ನು 1 ವೋಲ್ಟ್‌ಗಿಂತ ಮೇಲೇರಿಸುತ್ತದೆ. (ಕೋಬಾಲ್ಟ್‌ನಲ್ಲಿ ಇನ್ನೂ ಸೊಗಸಾದ ಉದಾಹರಣೆಯಿದೆ. ಬರೀ ನೀರಿನ ನಡುವೆ ಅದರ +3 ಅಯಾನು ನೀರನ್ನೇ ಉತ್ಕರ್ಷಿಸುವಷ್ಟು ಉಗ್ರವಾಗಿರುತ್ತದೆ. ಆರು ಅಮೋನಿಯಾ ಸುತ್ತುವರಿದರೆ ಅದೇ ಅಯಾನು ಸೀಸೆಯಲ್ಲಿಡಬಹುದಾದ ಲವಣವಾಗುತ್ತದೆ. ರಸಾಯನವಿಜ್ಞಾನಿ ಆಲ್ಫ್ರೆಡ್ ವರ್ನರ್ 1893ರಲ್ಲಿ ಸಂಕೀರ್ಣ ಸಂಯುಕ್ತಗಳ ಬಗೆಗಿನ ತನ್ನ ಸಿದ್ಧಾಂತವನ್ನು ಕಟ್ಟಲು ಆಧರಿಸಿದ್ದು ಇಂತಹ ಲವಣಗಳನ್ನೇ.)

ಆದ್ದರಿಂದ ಸಂಶಯವಿರುವ ಮಾದರಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಕಾಯಿಸಿ, ಸಾವಯವ ಲಿಗ್ಯಾಂಡ್‌ಗಳನ್ನು ಒಡೆದ ಬಳಿಕವೇ ಬಣ್ಣ ಬರಿಸುತ್ತೇವೆ. ಇದನ್ನು ಕಣ್ಣುಮುಚ್ಚಿ ಎಲ್ಲ ಮಾದರಿಗಳಿಗೂ ಮಾಡುವಂತಿಲ್ಲ. ಫೆರೊಸಯನೈಡ್ ಇರುವ ದ್ರಾವಣವನ್ನು ಆಮ್ಲದಲ್ಲಿ ಕಾಯಿಸಿದರೆ ವಿಷಾನಿಲವಾದ ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಮಾದರಿ ಕಳುಹಿಸಿದವರಿಂದ ಅದರ ಘಟಕಗಳ ವಿವರವನ್ನು ಬರವಣಿಗೆಯಲ್ಲಿ ಪಡೆಯದೆ ಒಲೆ ಹೊತ್ತಿಸಬಾರದು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿ.

ತಿಳಿದ ಪ್ರಮಾಣದ ಕಬ್ಬಿಣವನ್ನು ಮಾದರಿಗೆ ಸೇರಿಸಿ, ಅದು ಪೂರ್ತಿ ಮರಳಿ ಸಿಕ್ಕಿತೇ ಎಂದು ನೋಡುವ ಪರೀಕ್ಷೆಯನ್ನು ಹಲವರು ನಂಬುತ್ತಾರೆ. ಇಡಿಟಿಎ ಹೆಚ್ಚುವರಿಯಾಗಿದ್ದರೆ ಈ ಪರೀಕ್ಷೆ ಅದನ್ನು ಪತ್ತೆ ಹಚ್ಚೀತು. ಆದರೆ ಇದ್ದಷ್ಟೂ ಇಡಿಟಿಎ ಮೊದಲೇ ಮಾದರಿಯ ಕಬ್ಬಿಣವನ್ನು ಹಿಡಿದು ಕುಳಿತಿದ್ದರೆ, ನಾವು ಸೇರಿಸಿದ ಕಬ್ಬಿಣ ಮುಕ್ತವಾಗಿಯೇ ಉಳಿದು ಪೂರ್ತಿ ಬಣ್ಣ ಕೊಡುತ್ತದೆ, ಮಾದರಿಯ ಕಬ್ಬಿಣ ಮಾತ್ರ ಲೆಕ್ಕಕ್ಕೆ ಸಿಗದೆ ಉಳಿಯಬಹುದು.