ಯಾರ್ಕ್‌ಶೈರಿನ ಗೋಡೆಯಲ್ಲಿ ಮಧುಗಿರಿಯ ಬದು

ಇಂಗ್ಲೆಂಡಿನ ಯಾರ್ಕ್‌ಶೈರ್‌ಗೆ ಬಂದು ನಾಲ್ಕು ವರ್ಷವಾಯ್ತು. ಇಲ್ಲಿ ಡೇಲ್ಸ್ ಅನ್ನೋ ಬೆಟ್ಟ-ಕಣಿವೆಗಳಲ್ಲಿ ಎತ್ತ ನೋಡಿದರೂ ಕಲ್ಲಿನ ಗೋಡೆ. ಸಿಮೆಂಟಿಲ್ಲ, ಗಾರೆಯಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಈ ಡೇಲ್ಸ್ ನ್ಯಾಷನಲ್ ಪಾರ್ಕೊಂದರಲ್ಲೇ 8,000 ಕಿಲೋಮೀಟರಿಗೂ ಮೀರಿ ಇಂಥ ಗೋಡೆಗಳಿವೆ. ಊರೊಟ್ಟಿನ ಮೇವಿನ ನೆಲವನ್ನು ಕಾನೂನು ಮಾಡಿ ಒಬ್ಬೊಬ್ಬರ ಹೆಸರಿಗೆ ಹಂಚಿದ 18 ಮತ್ತು 19ನೇ ಶತಮಾನದಲ್ಲಿ ಎದ್ದವೇ ಹೆಚ್ಚು.

ಹೋದ ತಿಂಗಳು ಎರಡು ದಿನ ಇಂಥ ಗೋಡೆ ಕಟ್ಟೋದನ್ನು ಕಲಿಯೋಕೆ ಹೋಗಿದ್ದೆ. ಅರ್ಧ ದಿನ ಕಟ್ಟಲೇ ಇಲ್ಲ. ಕುಸಿದ ಕಲ್ಲನ್ನೆಲ್ಲ ತೆಗೆದು, ಬುಡದ್ದು, ನಡುವಿನದು, ತಲೆಯದು, ಚೂರು ಅಂತ ವಿಂಗಡಿಸಿ ಹುಲ್ಲಿನ ಮೇಲೆ ಹರಡಿದ್ದೇ ಆಯ್ತು. ಆಮೇಲೆ ತಿಳಿಯಿತು, ಇದು ಒಂದು ಗೋಡೆಯಲ್ಲ, ಒಂದಕ್ಕೊಂದು ವಾಲಿಕೊಂಡ ಎರಡು. ಬುಡದಲ್ಲಿ ಎರಡಡಿಗೂ ಹೆಚ್ಚು ಅಗಲ, ಮೇಲೆ ಹೋದಂತೆ ಅದರರ್ಧ. ನಡುವೆ ಚೂರುಗಲ್ಲು. ಅಲ್ಲಲ್ಲಿ ಎರಡು ಮುಖಕ್ಕೂ ಹಾಯುವ ಉದ್ದಗಲ್ಲು. ಅದಿಲ್ಲದಿದ್ದರೆ ಹೊಟ್ಟೆ ಉಬ್ಬಿ ಬೀಳುತ್ತೆ. ಕೆಳಗಿನ ಎರಡು ಕಲ್ಲಿನ ಸಂದಿನ ಮೇಲೆ ಒಂದು ಕಲ್ಲು ಕೂರಲೇಬೇಕು.

ನೋಡೋಕೆ ಚೆನ್ನಾಗಿರಲಿ ಅಂತ ನಾನೊಂದು ಕಲ್ಲನ್ನು ಗೋಡೆಯ ಉದ್ದಕ್ಕೆ ಮಲಗಿಸಿದೆ. ಕಲಿಸುವ ಹಿರಿಯರು ಮಾತಾಡದೆ ಅದನ್ನೆತ್ತಿ, ತಿರುಗಿಸಿ, ಉದ್ದದ ಭಾಗ ಒಳಗೆ ಹೋಗುವಂತೆ ಕೂರಿಸಿದರು. ಹೊರಗೆ ಅಂಗೈಯಗಲ ಮಾತ್ರ ಉಳಿಯಿತು. ಚೂರುಗಲ್ಲನ್ನು ಸಲಿಕೆಯಲ್ಲಿ ಸುರಿದಾಗ ಅದನ್ನೂ ತೆಗೆಸಿ, ಒಂದೊಂದನ್ನೂ ಕೈಯಲ್ಲೇ ಇಡಿಸಿದರು.

ಅಲ್ಲೇ ನನ್ನ ಕೈ ನಿಂತುಹೋಯ್ತು. ಮಧುಗಿರಿ ಕಡೆಯ ನಮ್ಮ ಮೇಲಿನ ಹೊಲದಲ್ಲಿ ತಾತ ಕಲ್ಲಿನ ಬದು ಹಾಕುವಾಗ "ಚಕ್ಕೆ ತಾರೋ" ಅಂದರೆ ಓಡಿ ಹೋಗಿ ಸಂದಿಗೆ ಸಿಕ್ಕಿಸುವ ಕಲ್ಲಿನ ಚೂರು ಆರಿಸಿ ಕೊಡುತ್ತಿದ್ದವನು ನಾನೇ. ಚಕ್ಕೆ ಸರಿಯಾಗಿ ಸಿಕ್ಕಿಸಿದ ಮೇಲೆ ಕಲ್ಲಿನ ಮೇಲೆ ಹತ್ತಿ ನಿಂತು ಅಲ್ಲಾಡಿಸಿ ನೋಡುತ್ತಿದ್ದ ತಾತ. ಕದಲಿದರೆ ಮತ್ತೆ ಮೊದಲಿಂದ.

ಇಲ್ಲಿ ಸಂದಿನ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಸಿಮೆಂಟ್ ಗೋಡೆ ಸೀಳುತ್ತೆ, ಈ ಗೋಡೆ ಕೊಂಚ ಮಿಸುಕಿ ಮತ್ತೆ ಕೂರುತ್ತೆ. ನಮ್ಮಲ್ಲಿ ಬರೋದೇ ನಾಲ್ಕು ಮಳೆ, ಬಂದರೆ ಕೊಚ್ಚಿಕೊಂಡು ಹೋಗುವಂಥದ್ದು. ಮಣ್ಣಿನ ಬದು ಒಡೆದ ಕಡೆ ಕಲ್ಲಿನ ಬದು ನೀರು ಬಿಟ್ಟು ಮಣ್ಣು ಹಿಡಿಯಿತು. ಎರಡೂ ಒಂದೇ ವಿದ್ಯೆ. ಆದರೆ ಬ್ರಿಟನ್ನಿನಲ್ಲಿ 1968ರಿಂದ ಇದಕ್ಕೊಂದು ಸಂಘವಿದೆ, ಪರೀಕ್ಷೆ ಇದೆ, ಸರ್ಟಿಫಿಕೇಟ್ ಇದೆ. ಕ್ರೊವೇಷಿಯಾ, ಗ್ರೀಸ್, ಇಟಲಿ ಸೇರಿ ಎಂಟು ಯುರೋಪಿನ ದೇಶಗಳ ಈ ಕಸುಬನ್ನು 2018ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಅದು ದಿನಗೂಲಿ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತೆ. ತಾತನ ಕೈಯಲ್ಲಿದ್ದದ್ದನ್ನು ನಾವ್ಯಾರೂ ವಿದ್ಯೆ ಅಂತ ಕರೆಯಲೇ ಇಲ್ಲ.

ಆ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿದೆ.

"ಮೇಲಿನ ಹೊಲದ ಬದು ಐತಾ?"

"ಐತೆ ಕಣಪ್ಪ. ಮೂಲೇಲಿ ಮೂರು ಮಾರು ಕುಸಿದೈತೆ. ಜೆಸಿಬಿಯೋನು ಬರ್ತೀನಿ ಅಂದವ್ನೆ, ಎಲ್ಲ ಎಳೆದು ಸಮ ಮಾಡಿಸೋಣ ಅಂತ."

ಬೇಡ ಅಂದೆ. ಬದು ಹಾಕೋದು ಬಲ್ಲವರು ಊರಲ್ಲಿ ಇಬ್ಬರೇ ಉಳಿದಿದ್ದಾರಂತೆ, ಇಬ್ಬರಿಗೂ ವಯಸ್ಸಾಗಿದೆ. ಸಂಕ್ರಾಂತಿಗೆ ಬರ್ತೀನಿ, ಅವರನ್ನು ಕರೆಸು, ಅವರು ಕೂತು ಹೇಳಲಿ, ಕಲ್ಲು ನಾನು ಎತ್ತುತೀನಿ, ಪೂರ್ತಿ ಕೂಲಿ ಕೊಡ್ತೀನಿ ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಸರಿ, ಅಲ್ಲೀಗಂಟ ಕಲ್ಲು ಯಾರೂ ಮುಟ್ಟದಂಗೆ ನೋಡ್ಕಂತೀನಿ."